ಬಡೇಸಾಬರ ಇಪ್ಪತ್ತೆರಡು ನಿಮಿಷ

ಕೆಂಪು ಪಟ್ಟೆಯ ಗಾದಿ, ಸುರುಳಿ ಸುತ್ತಿ ಸ್ಕೂಟರಿನ ಹಿಂದೆ ಹಗ್ಗ ಬಿಗಿದಿದ್ದಾರೆ, ಬಸ್ಸಿನ ಕಿಟಕಿಯ ಪಕ್ಕಕ್ಕೆ ಬಂದು, ಹಿಂದಾಗಿ, ಮತ್ತೆ ಮುಂದಾಗಿ ಹೋಗುತ್ತಿದೆ, ಹೊಸ ಹತ್ತಿ ಇರಬೇಕು, ಅಷ್ಟು ದಪ್ಪ ಉಬ್ಬಿದೆ, ಹೊಲಿದವರು ಯಾರೋ, ಬಡೇಸಾಬರಂತೂ ಅಲ್ಲ, ಬಡೇಸಾಬರು ತೀರಿಕೊಂಡು ಇವತ್ತಿಗೆ ನಲವತ್ತು ದಿನ — ಅಂಕಿತಾ ಕಿಟಕಿಯಿಂದ ಮುಖ ತಿರುಗಿಸಿದಳು, ತೊಡೆಯ ಮೇಲಿನ ಬ್ಯಾಗನ್ನು ಒತ್ತಿ ಹಿಡಿದಳು, ಬ್ಯಾಗಿನೊಳಗೆ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನೊಳಗೆ ಆ ಭಾನುವಾರದ ವಿಡಿಯೋ. ಹರಿಹರಕ್ಕೆ ಅರ್ಧ ಗಂಟೆ, ಎಲ್ಲಾದರೂ ದಾರಿ ಕಟ್ಟಿದರೆ ಮುಕ್ಕಾಲು ಗಂಟೆ, ಕಟ್ಟಲಿ, ಲಾರಿಯೊಂದು ಅಡ್ಡ ಬಿದ್ದಿರಲಿ, ಆದರೆ ಬಸ್ಸು ಓಡುತ್ತಲೇ ಇದೆ. ಅವರ ಸೊಸೆ ನುಜತ್ ಮೆಸೇಜು ಕಳಿಸಿದ್ದು ಮೂರು ದಿನದ ಹಿಂದೆ, ಅಕ್ಕಾ, ಮಾವ ಕಡೇ ಸಲ ಪಾರ್ಟು ಮಾಡಿದ್ರಲ್ಲ, ಅದರ ರೆಕಾರ್ಡಿಂಗು ನಿಮ್ಮತ್ರ ಐತಂತೆ, ನಲವತ್ತರ ದಿನ ಅತ್ತೆ ಅವ್ರ ದನಿ ಕೇಳ್ಬೇಕಂತಾರೆ, ತಂದು ತೋರಿಸ್ತೀರಾ. ಖಂಡಿತ, ನಾನೇ ಬರ್ತೀನಿ ಎಂದು ಬರೆದುಬಿಟ್ಟಿತು ಬೆರಳು, ಈ ಬೆರಳೇ, ಅವತ್ತು ಒತ್ತಿದ್ದೂ ಇದೇ. ದನಿ ಎಲ್ಲಿದೆ ಅದರಲ್ಲಿ, ಮೊದಲ ಎಂಟು ನಿಮಿಷ ಇದೆ, ಆಮೇಲಿನ ಇಪ್ಪತ್ತೆರಡು ನಿಮಿಷ ಬಾಯಿ ಮಾತ್ರ ಇದೆ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಕತ್ತಿನ ನರ ಉಬ್ಬುತ್ತದೆ, ಒಂದು ಉಸಿರೂ ಕೇಳುವುದಿಲ್ಲ.

ಫೋನಿನ ಕೂಟಕ್ಕೆ ಅಂಗೈ ರಂಗ ಎಂದು ಹೆಸರಿಟ್ಟವರು ವಾಮದೇವಪ್ಪನವರು, ಬಟ್ಟೆ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಕೂತವರು, ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಆ ರೋಗದ ವರ್ಷದಲ್ಲಿ ಫೋನಿನ ಮೇಲೇ ನಾಟಕ ಮಾಡೋಣ ಬರ್ರಿ ಎಂದು ನಲವತ್ತು ಜನರನ್ನು ಕೂಡಿಸಿದರು, ಅರ್ಧ ಹಳೆ ನಾಟಕ ಕಂಪನಿಗಳಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು, ಇನ್ನರ್ಧ ಅವಳಂಥವರು, ಕಾಲೇಜಿನಲ್ಲಿ ಬೀದಿನಾಟಕ ಆಡಿ ಈಗ ಹೊಟ್ಟೆಪಾಡಿಗೆ ಕೆ.ಬಿ. ಬಡಾವಣೆಯ ಅಂಗಡಿಯಲ್ಲಿ ಫ್ಲೆಕ್ಸು ವಿನ್ಯಾಸ ಮಾಡುವವರು. ರೋಗ ಹೋಯಿತು, ರಂಗಮಂದಿರಗಳು ತೆರೆದವು, ಭಾನುವಾರ ಸಂಜೆ ಐದರ ಈ ಕೂಟ ಮಾತ್ರ ನಿಲ್ಲಲಿಲ್ಲ, ಹಿರಿಯರ ಮೊಣಕಾಲು ಇನ್ನು ಯಾವ ರಂಗವನ್ನೂ ಹತ್ತುವಂತಿರಲಿಲ್ಲವಲ್ಲ. ಜಗಳವೂ ನಿಲ್ಲಲಿಲ್ಲ. ಇವು ನಾಟಕ ಆಡ್ತಾವೋ ಕಿವ್ಯಾಗ ಗುಟ್ಟು ಹೇಳ್ತಾವೋ, ಇದು ಮೂವತ್ತು ವರ್ಷ ರಾಣಿ ಪಾತ್ರ ಮಾಡಿದ ಉಚ್ಚೆಂಗೆಮ್ಮ, ಅಜ್ಜೀ, ಮೈಕು ಮೂತಿ ಹತ್ರನೇ ಐತೆ, ಹೊಳೆ ಆಚೆಗೆ ಕೂಗೋದು ಬ್ಯಾಡ, ಇದು ಮುದಸ್ಸಿರ್, ಅವಳ ಓರಗೆಯವನು, ನಾಲಗೆಗೆ ಎಲುಬಿಲ್ಲದವನು. ತಾಳ್ಕೋಬೇಕ್ರಪ್ಪ, ಒಬ್ಬರನ್ನೊಬ್ಬರು ತಾಳ್ಕೋಬೇಕು ಎಂದು ವಾಮದೇವಪ್ಪನವರು ಇಬ್ಬರಿಗೂ ಹೇಳಿ ಹೇಳಿ ಸಾಕಾಗಿ ಕೊನೆಗೆ ತಲೆಗೆ ಎಂಟೇ ನಿಮಿಷ ಎಂದು ಕಟ್ಟು ಹಾಕಿದರು, ಗಡಿಯಾರವನ್ನೂ ಎಲ್ಲರ ಮೈಕನ್ನೂ ಅಂಕಿತಾಳ ಕೈಗೆ ಕೊಟ್ಟರು, ನೀನು ಸಮಾಧಾನದ ಹುಡುಗಿ, ನೀನೇ ನೋಡ್ಕೋ. ಸಮಾಧಾನದ ಹುಡುಗಿ. ಕಂಪನಿ ಬಿಟ್ಟ ಮೇಲೆ ಗಾದಿ ಹೊಲಿಯುತ್ತಿದ್ದ ಬಡೇಸಾಬರು ಮಾತ್ರ ಆ ಜಗಳಕ್ಕೆ ಬರುತ್ತಿರಲಿಲ್ಲ, ಹುಡುಗರ ಪಿಸುಮಾತು ಕೇಳಲೆಂದೇ ಇಯರ್‌ಫೋನು ಕೊಂಡಿದ್ದರು, ಬಿಳಿ ದಾರ ಕಿವಿಯಿಂದ ಗಡ್ಡದೊಳಗೆ ಇಳಿದಿರುತ್ತಿತ್ತು, ಎಲ್ಲ ಮುಗಿದ ಮೇಲೆ ಕೇಳುತ್ತಿದ್ದರು, ಮಗಳೇ, ಕಡೇ ಮಾತು ನುಂಗಿಬಿಟ್ಯಲ್ಲ, ಬೇಕಂತ ನುಂಗಿದ್ದಾ? ಹೌದು ಸಾಹೇಬ್ರೆ, ಬೇಕಂತಾನೇ. ಹಂಗಾದ್ರೆ ಸರಿ ಬಿಡು, ನಮ್ಮ ಕಾಲದಾಗ ಮಾತು ನುಂಗಿದ್ರೆ ಮಾಲೀಕ್ರು ಅನ್ನ ನುಂಗಾಕ ಬಿಡ್ತಿರಲಿಲ್ಲ — ಎಂದು ಅವರೇ ನಗುತ್ತಿದ್ದರು, ಆ ನಗು ಎಷ್ಟು ದೊಡ್ಡದು, ಫೋನು ಮೇಜಿನ ಮೇಲೆ ನಡುಗುತ್ತಿತ್ತು.

ಆ ಭಾನುವಾರ, ಬೇಡ, ಆದರೂ ಬರುತ್ತದೆ, ಆ ಭಾನುವಾರ ಮೈಸೂರಿನ ನಿರ್ದೇಶಕರೊಬ್ಬರು ಅತಿಥಿ, ಆರು ಗಂಟೆಗೆ ಎದ್ದು ಹೋಗುತ್ತೇನೆಂದು ಮೊದಲೇ ಹೇಳಿದ್ದಾರೆ, ಬಡೇಸಾಬರ ನಂತರ ಅವಳ ಸರದಿ, ಎರಡು ತಿಂಗಳು ತಿದ್ದಿದ್ದ ಪಾತ್ರ, ಅವರು ನೋಡಿದರೆ ಏನಾದರೂ ಆಗಬಹುದು, ಫ್ಲೆಕ್ಸು ಅಂಗಡಿಯಿಂದ ಆಚೆಗೆ ಒಂದು ಬಾಗಿಲು. ಬಡೇಸಾಬರು ಹದಿನಾಲ್ಕು ವರ್ಷದ ಮೇಲೆ ಬಣ್ಣ ಹಚ್ಚಿದ್ದರು, ಹಣೆಗೆ ಗೆರೆ, ಹುಬ್ಬಿಗೆ ಕಾಡಿಗೆ, ಮೊದಲು ನಮಸ್ಕಾರ, ಗುರುಗಳಿಗೆ, ಕಂಪನಿ ಮಾಲೀಕರಿಗೆ, ಪರದೆ ಎಳೆಯುತ್ತಿದ್ದವರಿಗೆ, ಸಾರು ಕಾಸಿ ಹಾಕುತ್ತಿದ್ದ ಪುಟ್ಟಕ್ಕನಿಗೆ, ಒಂದೊಂದು ಹೆಸರೂ ಎದೆಯಾಳದಿಂದ, ಅವಳು ಗಡಿಯಾರ ನೋಡುತ್ತಿದ್ದಾಳೆ, ಐದು ನಿಮಿಷ, ಆರು, ಏಳು, ನಮಸ್ಕಾರ ಲೆಕ್ಕಕ್ಕೆ ಬರುವುದಿಲ್ಲವೆಂದು ತಿಳಿದಿದ್ದಾರೆ ಪಾಪ, ಕಂಪನಿಯಲ್ಲಿ ಬರುತ್ತಿರಲಿಲ್ಲ, ಇಲ್ಲಿ ಬರುತ್ತದೆ. ಎಂಟನೆಯ ನಿಮಿಷಕ್ಕೆ ಸರಿಯಾಗಿ ಪಾತ್ರ ಶುರುವಾಯಿತು. ಮಗಳನ್ನು ಮನೆಯಿಂದ ಹೊರಗೆ ಹಾಕಿದ ತಂದೆ, ಅವಳು ಸತ್ತಳೆಂಬ ಕಾಗದ ಕೈಗೆ ಬಂದಿದೆ, ಮಗಳೇ ಎಂದು ಎತ್ತಿದ ದನಿ ಫೋನಿನಲ್ಲಿ ಕಿರ್ರೆಂದು ಒಡೆಯಿತು, ಯಾರಾದ್ರೂ ವಾಲ್ಯೂಮು ಇಳಿಸ್ರೋ ಎಂದು ಮುದಸ್ಸಿರ್ ಬರೆದ, ಎಂಟು ನಿಮಿಷಕ್ಕೆ ಮುಗೀಬೇಕಿತ್ತಲ್ಲ ಎಂದು ಇನ್ಯಾರೋ, ನಿರ್ದೇಶಕರು ಕೈಗಡಿಯಾರ ನೋಡಿಕೊಂಡರು — ಬಡೇಸಾಬರ ಮೈಕು ಮುಚ್ಚುವ ಗುಂಡಿ ಒತ್ತಿದಳು. ದನಿ ಹೋದರೆ ತಾವೇ ನಿಲ್ಲಿಸುತ್ತಾರೆ ಅಂದುಕೊಂಡಳು. ಅವರು ನಿಲ್ಲಿಸಲಿಲ್ಲ. ಮುಚ್ಚುವುದು ಅವಳ ಕೈಲಿತ್ತು, ತೆರೆಯುವುದಕ್ಕೆ ಅವರೇ ಫೋನಿನ ಹತ್ತಿರ ಬಂದು ಒತ್ತಬೇಕಿತ್ತು, ಅವರು ಪಾತ್ರದೊಳಗಿದ್ದರು, ನಡುವೆ ಕೂಗಿ ಹೇಳಬಹುದಿತ್ತು, ಸಾಹೇಬ್ರೆ ದನಿ ಬರ್ತಿಲ್ಲ ಎಂದು ಒಂದೇ ಮಾತು, ಹೇಳಿದರೆ ಅವರು ಮೊದಲಿಂದ ಶುರು ಮಾಡುತ್ತಾರೆ, ಮೊದಲಿಂದ ಮಾಡಿದರೆ ಆರು ಗಂಟೆ ದಾಟುತ್ತದೆ. ಹೇಳಲಿಲ್ಲ. ತಾತನ ಮೂಕಿ ಚಿತ್ರ ಎಂದು ಮುದಸ್ಸಿರ್ ಬರೆದಾಗ ಚೌಕಗಳಲ್ಲಿ ಹುಡುಗರೆಲ್ಲ ನಕ್ಕರು. ಅವಳೂ. ಸ್ವಲ್ಪ. ತುಟಿಯ ತುದಿಯಲ್ಲಿ. ಆಮೇಲೆ ಪರದೆಯ ಕಡೆ ನೋಡುವುದನ್ನೇ ಬಿಟ್ಟು ತನ್ನ ಮಾತುಗಳನ್ನು ಮನಸ್ಸಿನಲ್ಲಿ ಓಡಿಸುತ್ತ ಕೂತಳು, ಅವರು ಕೈಮುಗಿದಾಗ, ತುಂಬಾ ಚೆನ್ನಾಗಿತ್ತು ಸಾಹೇಬ್ರೆ ಎಂದಳು, ಎಲ್ಲರೂ ಚಪ್ಪಾಳೆಯ ಚಿತ್ರ ಕಳಿಸಿದರು.

ನಿರ್ದೇಶಕರು ಹದಿನೈದು ನಿಮಿಷ ಹೆಚ್ಚಿಗೆ ಕೂತು ಅವಳ ಪಾತ್ರ ನೋಡಿದರು, ಏನೋ ಎರಡು ಮಾತು ಹೇಳಿದರು, ಈಗ ಆ ಎರಡರಲ್ಲಿ ಒಂದೂ ನೆನಪಿಗೆ ಬರುತ್ತಿಲ್ಲ, ಮುಂದೆ ಏನೂ ಆಗಲೂ ಇಲ್ಲ. ನೆನಪಿರುವುದು ಬಡೇಸಾಬರ ಮೆಸೇಜು, ಮಗಳೇ, ಚೆನ್ನಾಗಿ ಮಾಡಿದಿ, ದನಿ ಸಣ್ಣದಿದ್ದರೂ ನನಗೆ ಪೂರಾ ಕೇಳಿಸಿತು. ಪಾಪ, ಗೊತ್ತಾಗಿಲ್ಲ ಎಂದುಕೊಂಡಳು, ಹಗುರಾದಳು ಕೂಡ, ಮುಂದಿನ ವಾರ ಹೇಳಿದರಾಯಿತು, ಇನ್ನೊಮ್ಮೆ ಮಾಡಿಸಿದರಾಯಿತು, ನಮಸ್ಕಾರಕ್ಕೆ ಬೇರೆ ಸಮಯ ಕೊಟ್ಟರಾಯಿತು, ಮುಂದಿನ ವಾರ ಮದುವೆ ಸೀಸನ್ನು, ಫ್ಲೆಕ್ಸಿನ ರಾಶಿ, ಅದರ ಮುಂದಿನ ವಾರ ಜ್ವರ, ಮೂರನೇ ವಾರ ಬೆಳಿಗ್ಗೆ ಚಾ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರಂತೆ. ಒಂದು ಒಳ್ಳೆ ಫೋಟೋ ಹಾಕಿ ಶ್ರದ್ಧಾಂಜಲಿ ಮಾಡವ್ವ ಎಂದರು ವಾಮದೇವಪ್ಪನವರು, ಫೋನಿನ ಆಚೆ ಮೂಗು ಎಳೆದುಕೊಂಡರು, ಅವಳು ಮಾಡಿದಳು, ದಿನಕ್ಕೆ ಹತ್ತು ಮಾಡುವ ಕೈ, ಹೆಸರು, ಇಸವಿ, ಅಗಲಿದ ಹಿರಿಯ ಕಲಾವಿದರಿಗೆ, ಅಕ್ಷರದ ಬಣ್ಣ ಮೂರು ಸಲ ಬದಲಿಸಿದಳು, ಮಣ್ಣಿಗೆ ಮಾತ್ರ ಹೋಗಲಿಲ್ಲ.

ಹರಿಹರ್ ಹರಿಹರ್ ಇಳೀರಿ ಎಂದು ಕಂಡಕ್ಟರು ಬಸ್ಸಿನ ತಗಡು ಬಡಿದ. ಇಳಿದಳು. ಬಿಸಿಲು, ಮಂಡಕ್ಕಿಗೆ ಒಗ್ಗರಣೆ ಹಾಕುವ ವಾಸನೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ವಾಪಸು ಹೋಗಿಬಿಡಬಹುದು, ಫೈಲು ಅಳಿಸಿಹೋಯಿತು ಅಂದರೆ ಯಾರು ಕೇಳುತ್ತಾರೆ, ಲ್ಯಾಪ್‌ಟಾಪು ಕೆಟ್ಟಿತು ಅಂದರೆ, ಹಾಗೆ ಅಂದುಕೊಳ್ಳುತ್ತಲೇ ಕಾಲು ಗಲ್ಲಿಯೊಳಗೆ ನಡೆದಿತ್ತು, ಹತ್ತಿಯ ನೂಲು ಅಂಟಿದ ಕಿಟಕಿ ಸರಳು, ಇದೇ ಮನೆ. ಬರ್ರಿ ಅಕ್ಕ, ಎಂದಳು ನುಜತ್, ಕೈ ಒರೆಸಿಕೊಳ್ಳುತ್ತ, ಫಾತೆಹಾ ಓದಿಸೋದು, ಊಟ ಎಲ್ಲ ಮುಗೀತು, ಮಂದಿ ಈಗ ಹೋದ್ರು, ಅತ್ತೆ ಇದ್ದತ್ತಿನಾಗ ಅದಾರಲ್ಲ, ಗಂಡ ಹೋದ್ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಂಗಿಲ್ಲ, ಅದ್ಕೇ ನಿಮ್ಮನ್ನೇ ಕರಸ್ದೆ. ಅಂಗಳದಲ್ಲಿ ದೊಡ್ಡ ಪಾತ್ರೆ ಬೋರಲು ಬಿದ್ದಿತ್ತು. ಒಳಗೆ ನೀಲಿ ಸುಣ್ಣದ ಗೋಡೆ, ಆ ಗೋಡೆಯೇ, ಅವರ ಚೌಕದಲ್ಲಿ ಹಿಂದೆ ಕಾಣುತ್ತಿದ್ದದ್ದು, ಇಷ್ಟು ಸಣ್ಣ ಕೋಣೆಯೇ, ಆ ದನಿ ಇಲ್ಲಿ ಹೇಗೆ ಹಿಡಿಸುತ್ತಿತ್ತು, ಗೋಡೆಯ ಪಕ್ಕ ಹೊಲಿಗೆ ಮಷೀನು, ಮಷೀನಿನ ಹತ್ತಿರ ಬಿಳಿ ಸೀರೆಯ ಮುದುಕಿ, ಸಿದ್ದೀಕಾ, ಬಡೇಸಾಬರ ಹೆಂಡತಿ, ಕೈಯಲ್ಲಿ ಬಳೆಯಿಲ್ಲ. ಬಾರವ್ವ ಕೂಡು, ಚಾ ಕುಡಿ ಮೊದ್ಲು. ಮೊದಲು ಹೇಳಬೇಕು, ತೆರೆಯುವ ಮುಂಚೆ ಹೇಳಬೇಕು, ಅಮ್ಮಾ ಒಂದು ಮಾತು — ಅಮ್ಮಾ ಎಂದಳು, ನುಜತ್ ಆಗಲೇ ಸ್ಟೂಲು ಎಳೆದು ಲ್ಯಾಪ್‌ಟಾಪಿಗೆ ಜಾಗ ಮಾಡಿದ್ದಳು, ವಿಡಿಯೋ ಓಡಿತು.

ಗುರುಗಳಿಗೆ ನಮಸ್ಕಾರ, ಎಂದರು ಬಡೇಸಾಬರು, ಕೋಣೆ ತುಂಬ. ಸಿದ್ದೀಕಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಪುಟ್ಟಕ್ಕನ ಹೆಸರು ಬಂದಾಗ ನಕ್ಕಳು, ಆ ಸಾರು ನೀರಿಗಿಂತ ತೆಳ್ಳಗಿರ್ತಿತ್ತು, ಇವ್ರು ನಮಸ್ಕಾರ ಬ್ಯಾರೆ ಹೇಳ್ತಾರೆ, ಐದು, ಆರು, ಏಳು, ಅಂಕಿತಾ ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು, ಸುಡುತ್ತಿದೆ, ಸುಡಲಿ, ಮಗಳೇ — ಎಂದು ಎದ್ದ ದನಿ ಕತ್ತರಿಸಿಹೋಯಿತು. ನುಜತ್ ಬಗ್ಗಿ ಯಾವುದೋ ಗುಂಡಿ ಒತ್ತಿದಳು, ಸೌಂಡು ಹೋತಲ್ಲ ಅಕ್ಕ. ಸೌಂಡು ಇಲ್ಲ, ಎಂದಳು ಅಂಕಿತಾ, ಇದರಲ್ಲಿ ಇಲ್ಲ, ನಾನೇ ತೆಗೆದೆ, ಟೈಮ್ ಆಗಿತ್ತು, ಅವರ ನಂತರ ನನ್ನ ಪಾರ್ಟಿತ್ತು, ನಾನೇ ಒತ್ತಿದ್ದು ಅಮ್ಮಾ, ಇಲ್ಲಿಂದ ಕಡೇತನಕ ಏನೂ ಕೇಳಲ್ಲ. ಪರದೆಯ ಮೇಲೆ ಬಾಯಿ ಆಡುತ್ತಿತ್ತು. ಸಿದ್ದೀಕಾಳ ಕಣ್ಣು ಆ ಬಾಯಿಯ ಮೇಲಿತ್ತು. ಆಮೇಲೆ ಆಕೆ ಬಾಯಿ ತೆರೆದಳು, ಬಾಗಿಲು ಹಾಕಿದವನು ನಾನು, ಎಂದಳು, ತಗ್ಗಿದ ದನಿಯಲ್ಲಿ, ಆ ತುಟಿಗಳಿಗೆ ಸರಿಯಾಗಿ, ಎಲೈ ಬಾಗಿಲೇ, ಅವಳು ತಟ್ಟಿದಾಗ ನೀನೇಕೆ ಸುಮ್ಮನಿದ್ದೆ, ನನ್ನ ಕೈಗೆ ಬುದ್ಧಿಯಿರಲಿಲ್ಲ, ನಿನ್ನ ತಿರುಗಣಿಗೂ ಇರಲಿಲ್ಲವೇ, ಒಂದು ಮಾತೂ ತಪ್ಪದೆ, ಒಂದು ಉಸಿರೂ ತಪ್ಪದೆ, ನಲವತ್ತು ವರ್ಷ ಗಾದಿ ಹೊಲೀತಾ ಕೇಳೀನವ್ವ ಎಂದು ನಡುವೆ ಅಂಕಿತಾಳಿಗೆ ಹೇಳಿ ಮತ್ತೆ ತುಟಿಗಳನ್ನು ಹಿಡಿದಳು, ಅಲ್ಲಿ ಅವರು ಎದೆ ಬಡಿದುಕೊಂಡರೆ ಇಲ್ಲಿ ಆಕೆಯ ಕೈ ಮಂಡಿಯ ಮೇಲೆ ಬೀಳುತ್ತಿತ್ತು, ಅಂಕಿತಾ ಅಳುತ್ತಿದ್ದಳು, ಇದನ್ನೇ, ಇದನ್ನೇ ತಾನು ಕೇಳದೆ ಹೋದದ್ದು.

ಹದಿನೇಳನೆಯ ನಿಮಿಷದಲ್ಲಿ ಅವರು ನಿಂತರು. ಇದನ್ನು ಅವಳು ನೋಡಿಯೇ ಇರಲಿಲ್ಲ. ಫೋನಿನೊಳಗೆ ಕಣ್ಣು ಕಿರಿದು ಮಾಡಿ ನೋಡಿದರು, ನೇರವಾಗಿ, ಈಗ ಅಂಕಿತಾಳನ್ನೇ ನೋಡಿದಂತೆ, ತುಟಿ ಏನೋ ಸಣ್ಣದಾಗಿ ಆಡಿತು. ಇದು ನಾಟಕದ್ದಲ್ಲ, ಎಂದಳು ಸಿದ್ದೀಕಾ. ಅಳೋ ಜಾಗದಾಗ ಮಕ್ಳು ನಗ್ತಾವೆ ಕಣೇ, ನನ್ನ ದನಿ ಅಲ್ಲಿಗೆ ಹೋಗ್ತಿಲ್ಲ, ಅಂದ್ರು. ನಾನು ಇಲ್ಲೇ ಮಷೀನ್ ಹತ್ರ ಕೂತಿದ್ದೆ. ನಂಗೆ ಕೇಳ್ತೈತೆ, ಹೇಳ್ರಿ ಅಂದೆ. ಗೊತ್ತಿತ್ತಾ ಅಮ್ಮಾ ಅವರಿಗೆ, ನಾನು ಒತ್ತಿದ್ದು ಅಂತ? ಗೊತ್ತಿಲ್ದೆ ಏನು, ಫೋನಿನ್ಯಾಗ ಮೈಕಿನ ಗುರ್ತು ಕೆಂಪಗಾಗಿತ್ತು, ಅದು ಯಾರ ಕೈಲೈತೆ ಅಂತ ಎಲ್ರಿಗೂ ಗೊತ್ತು. ಹುಡುಗಿ, ಅವಸರ ಇರ್ತದೆ ಬಿಡು ಅಂದ್ರು ಆಮ್ಯಾಲೆ, ವಯಸ್ಸಿನಾಗ ನಾನೂ ಒಬ್ಬ ಮುದುಕನ ಮ್ಯಾಲೆ ಪರದೆ ಇಳಿಸಿದ್ದೆ, ಆತ ನಂಗೆ ಬಣ್ಣ ಹಚ್ಚೋದು ಕಲಿಸಿದ್ದ, ಅಂದ್ರು. ಅವ್ರು ನಿನ್ನ ಮಾಫ್ ಮಾಡಿದ್ರವ್ವ, ಅವತ್ತೇ ಮಾಡಿದ್ರು. ನಾನು ಅವ್ರಷ್ಟು ದೊಡ್ಡಾಕಿ ಅಲ್ಲ. ನಂಗೆ ಇನ್ನೂ ಆಗಿಲ್ಲ. ಚಾ ಆರ್ತೈತೆ, ಕುಡಿ.

ಪರದೆಯ ಮೇಲೆ ಬಡೇಸಾಬರು ಫೋನಿಗೆ ಬೆನ್ನು ಮಾಡಲಿಲ್ಲ, ಪಕ್ಕಕ್ಕೆ ತಿರುಗಿದರು, ಮಷೀನಿನ ಕಡೆಗೆ, ಚೌಕದ ಅಂಚಿನಾಚೆ ಯಾರೋ ಇರುವ ಕಡೆಗೆ, ಕೈ ಚಾಚಿದರು, ಬಾಯಿ ತೆರೆಯಿತು, ಈಗ ಅರ್ಧ ಬಾಯಿ ಮಾತ್ರ ಕಾಣುತ್ತದೆ, ಗಡ್ಡದ ಅಂಚು, ಕಾಡಿಗೆ ಕರಗಿದ ಒಂದು ಗೆರೆ, ಅಂಕಿತಾ ಸಿದ್ದೀಕಾಳ ಮುಖ ನೋಡಿದಳು, ಈಗ ಹೇಳುತ್ತಾಳೆ, ಈಗ. ಮುದುಕಿಯ ತುಟಿ ಮುಚ್ಚಿತ್ತು. ಮುಂದಿನದು ಹೇಳ್ರಿ ಅಮ್ಮಾ. ಸಿದ್ದೀಕಾ ತಲೆಯಾಡಿಸಿದಳು. ಇಲ್ಲಿಂದ ನಂಗೆ ಹೇಳಿದ್ದು, ಎಂದಳು, ಅದು ನಿಮಗಲ್ಲ. ಇನ್ನೂ ಹದಿಮೂರು ನಿಮಿಷವಿತ್ತು, ನುಜತ್ ನಿಲ್ಲಿಸಲಿಲ್ಲ, ಅಂಕಿತಾಳಿಗೂ ನಿಲ್ಲಿಸುವ ಧೈರ್ಯವಿರಲಿಲ್ಲ, ಮೂವರೂ ಕೂತರು, ಅಂಗಳದಲ್ಲಿ ಯಾರೋ ಪಾತ್ರೆಗೆ ನೀರು ಸುರಿದರು, ಚಾ ಕುಡಿದಳು, ಸಿಹಿ ಹೆಚ್ಚಾಗಿತ್ತು, ಪರದೆಯ ತುಂಬ ಅವರ ಎಡಗಿವಿ, ಬಿಳಿ ದಾರ ಕಳಚಿ ಭುಜದ ಮೇಲೆ ಬಿದ್ದಿದೆ, ಕಿವಿಯ ಹಿಂದೆ ಬಣ್ಣ ತಲುಪದ ಒಂದಿಷ್ಟು ಬರೀ ಚರ್ಮ, ಕಿವಿ, ಅಲುಗುವ ದವಡೆ, ಕಿವಿ, ಅವಳು ನುಂಗಿದ ಮಾತನ್ನೂ ಕೇಳಿಸಿಕೊಂಡಿದ್ದ ಆ ಕಿವಿ —