ಸೆಜಿಮ್ ಬರೆದ ಸುದ್ದಿ

ನಾರಿನ್ ಎಂಬ ಬೆಟ್ಟಸೀಮೆಯ ಒಂದು ಹಳ್ಳಿ ಶಾಲೆಯಲ್ಲಿ ಸೋಮವಾರದ ಮೊದಲ ಪಿರಿಯಡ್ಡು ಸುದ್ದಿಗೆ ಮೀಸಲು. ಕಾಲಿಪಾ ಟೀಚರು ಬಾಗಿಲಲ್ಲೇ ತಗಡಿನ ಡಬ್ಬಿ ಹಿಡಿದು ನಿಲ್ಲುವರು. ಏಳನೇ ತರಗತಿಯ ಮಕ್ಕಳು ಮೊಬೈಲನ್ನು ಅದರೊಳಗೆ ಹಾಕಿಯೇ ಒಳಗೆ ಬರಬೇಕು. "ಇದು ತಲೆ ತಿನ್ನೋ ಹುಳ" ಎನ್ನುವರು. ಆಮೇಲೆ ಮಕ್ಕಳು ತಾವು ಬರೆದು ತಂದ ವಾರದ ಸುದ್ದಿ ಓದುವರು. ಜಲಾಶಯದ ನೀರು, ಕರೆಂಟಿನ ಕಡಿತ, ಗಡಿಯ ಮಾತುಕತೆ. ಪ್ರಪಂಚದ ಯಾವ ಸುದ್ದಿಗೂ ಕಾಲಿಪಾ ಅವರ ಹತ್ತಿರ ಒಂದು ಅಭಿಪ್ರಾಯ ಸಿದ್ಧವಿರುತ್ತಿತ್ತು. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವರದಲ್ಲ.

ಅವರ ಮೊಬೈಲು ಮಾತ್ರ ಡಬ್ಬಿಗೆ ಬೀಳುತ್ತಿರಲಿಲ್ಲ. ಗಲೀಜು ಬರವಣಿಗೆ ಕಂಡರೆ ಫೋಟೊ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವರು. ಇಪ್ಪತ್ತಮೂರು ಮನೆಯವರು ನೋಡುವರು. ಕಂಪ್ಯೂಟರ್ ಕಲಿಸುವ ಜಿಲ್ದಿಜ್ ಒಮ್ಮೆ ಕೇಳಿದ್ದಳು.

"ಅಕ್ಕೋರೆ, ಹಿಂದೆ ಇಂಥ ಹಾಳೇನ ಗೋಡೆಗೆ ಅಂಟಿಸ್ತಿದ್ರು, ಸಂಜೆಗೆ ಕಿತ್ತುಹಾಕ್ತಿದ್ರು. ಇದನ್ನ ಯಾರು ಕೀಳ್ತಾರೆ?"

"ಮಾನಕ್ಕೆ ಹೆದರಿದ್ರೇನೆ ಅಕ್ಷರ ನೆಟ್ಟಗಾಗೋದು. ನಿನ್ನ ವಯಸ್ಸಷ್ಟು ನನ್ನ ಸರ್ವೀಸಾಗಿದೆ ಕಣಮ್ಮ" ಎಂದು ಅವಳ ಬಾಯಿ ಮುಚ್ಚಿಸಿದ್ದರು.

ಆ ಸೋಮವಾರ ಸೆಜಿಮ್ ಎಂಬ ಹುಡುಗಿ ತನ್ನ ಸರದಿ ಬಂದಾಗ ಹೊಟ್ಟೆನೋವೆಂದು ಕೂತುಬಿಟ್ಟಳು. ನೋಟ್‌ಬುಕ್ಕನ್ನು ಮಾತ್ರ ಟೀಚರ ಕೈಗೆ ಕೊಟ್ಟಳು. ಅರ್ಧ ಪುಟ ಶಾಯಿ ಚೆಲ್ಲಿತ್ತು. ಕಾಲಿಪಾ ಓದಲಿಲ್ಲ. "ಇದು ಸುದ್ದಿಯೋ, ಶಾಯಿಯೋ?" ಎಂದು ಬರೆದು ಫೋಟೊ ಕಳಿಸಿಯೇಬಿಟ್ಟರು.

ಉಳಿದ ಮಕ್ಕಳು ದೇಶದ ಸುದ್ದಿ ಬರೆದಿದ್ದರೆ ಇವಳು ಮನೆಯ ಸುದ್ದಿ ಬರೆದಿದ್ದಳು. 'ಮಾಸ್ಕೋದಲ್ಲಿ ನನ್ನ ಅಪ್ಪ ಮೇಸ್ತ್ರಿ ಅಲ್ಲ. ರೈಲು ನಿಲ್ದಾಣದಲ್ಲಿ ನೆಲ ಒರೆಸುತ್ತಾನೆ. ನನಗೊಬ್ಬಳಿಗೇ ಹೇಳಿದ್ದಾನೆ.' ಅಜ್ಜಿ ಉರ್ಪಿಯಾ ಯಾರ ಮನೆ ಔತಣಕ್ಕೆ ಹೋದರೂ "ನನ್ನ ಮಗನ ಕೈಕೆಳಗೆ ನಲವತ್ತು ಆಳು" ಎನ್ನುತ್ತಿದ್ದವಳು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಗುಲ್ಲಾಯಿತು. ಎರಡು ದಿನ ಸೆಜಿಮ್ ಶಾಲೆಗೆ ಬರಲಿಲ್ಲ.

ಮೂರನೇ ದಿನ ಕಾಲಿಪಾ ಸೆಜಿಮಳ ಮನೆಗೆ ಹೋದರು. ಅಜ್ಜಿ ಒಳಗೆ ಕರೆದಳು, ಮುಖ ಮಾತ್ರ ನೋಡಲಿಲ್ಲ.

"ನಾಡಿದ್ದು ಇವಳನ್ನ ಅತ್ತೆ ಊರಿಗೆ ಕಳಿಸ್ತೀನಿ. ಹೊಲಿಗೆ ಕಲೀತಾಳೆ. ಓದಿದ್ದು ಸಾಕು."

"ಅಮ್ಮಾ, ಸತ್ಯವಾಗ್ಲೂ ನಾನು ಅದನ್ನ ಓದಿರ್ಲಿಲ್ಲ."

"ನಾನೂ ಅದನ್ನೇ ಹೇಳ್ತಿರೋದು. ಮಗು ನಿಮ್ಮನ್ನ ನಂಬಿ ಬರೀತು. ನೀವು ಓದ್ಲೇ ಇಲ್ಲ."

ಕಾಲಿಪಾ ಅವರಿಗೆ ಕೂತ ನೆಲ ಬಾಯಿ ಬಿಡಬಾರದೇ ಎನಿಸಿತು. "ತಪ್ಪಾಯ್ತು ಅಂತ ಈಗ್ಲೇ ಗುಂಪಿಗೆ ಹಾಕ್ತೀನಿ" ಎಂದು ಮೊಬೈಲು ತೆಗೆದರು.

"ಬೇಡ ಅಕ್ಕೋರೆ." ಸೆಜಿಮ್ ಬಾಗಿಲ ಹಿಂದಿನಿಂದ ಅಂದಳು. "ಮರೆತೋರೂ ಮತ್ತೆ ತೆಗೆದು ಓದ್ತಾರೆ."

ತಾವು ಗುಂಪಿನಿಂದ ತೆಗೆದರೂ ಫೋಟೊ ಎಲ್ಲರ ಮೊಬೈಲಿನಲ್ಲೂ ಉಳಿದಿರುತ್ತಿತ್ತು. ಅಂದು ಸಂಜೆಯೇ ಕಾಲಿಪಾ ಮನೆ ಮನೆ ಸುತ್ತಲು ಹೊರಟರು. ಹೊಸ್ತಿಲಲ್ಲಿ ನಿಂತು ಹೇಳಿ ಓಡಿಬರುವ ಹಾಗೂ ಇರಲಿಲ್ಲ. ಬಂದವರು ರೊಟ್ಟಿಯ ಒಂದು ಚೂರಾದರೂ ಬಾಯಿಗೆ ಹಾಕದೆ ಹೋಗುವುದು ಆ ಸೀಮೆಯಲ್ಲಿ ಉಂಟೇ? ಪ್ರತಿ ಮನೆಯಲ್ಲೂ ಕೂತು, ರೊಟ್ಟಿ ಮುರಿದು, "ತಪ್ಪು ನನ್ನದು, ಆ ಫೋಟೊ ನನ್ನೆದುರಿಗೇ ಅಳಿಸಿಬಿಡಿ" ಎಂದು ಕೇಳಬೇಕಾಯಿತು. ಒಂದು ಮನೆಯಲ್ಲಿ ಯಜಮಾನ ನಕ್ಕ.

"ಹೋದ ವರ್ಷ ನನ್ನ ಮಗನ ನೋಟ್‌ಬುಕ್ಕೂ ಹಾಕಿದ್ರಿ. ಆಗ ನಮ್ಮನೆ ರೊಟ್ಟಿ ನೆನಪಾಗ್ಲಿಲ್ವೇನೋ?"

ಕಾಲಿಪಾ, "ಅದನ್ನೂ ಅಳಿಸಪ್ಪ" ಎಂದರು.

ಮರುದಿನ ಸಂಜೆಗೆ ಇಪ್ಪತ್ತೆರಡು ಮನೆ ಮುಗಿದವು. ಉಳಿದಿದ್ದು ಸೆಜಿಮಳ ಮನೆಯೊಂದೇ. ಆ ಮನೆಯಿಂದ ಗುಂಪಿನಲ್ಲಿ ಇದ್ದವನು ಮಾಸ್ಕೋದ ಅಪ್ಪ ತಾಲಾಯ್. ಅಜ್ಜಿ, ಮೊಮ್ಮಗಳ ಎದುರಿಗೇ ಕಾಲಿಪಾ ಅವನಿಗೆ ಫೋನು ಹಚ್ಚಿದರು. ಅವನ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ನಾನು ಅಳಿಸಲ್ಲ ಅಕ್ಕೋರೆ."

"ಸಿಟ್ಟು ನ್ಯಾಯವೇ ಕಣಪ್ಪ."

"ಮೊದ್ಲು ಸಿಟ್ಟೇ ಬಂದಿತ್ತು, ನಿಮ್ಮ ಮೇಲೂ ಅವಳ ಮೇಲೂ. ಆದ್ರೆ ಅಮ್ಮಂಗೆ ಸುಳ್ಳು ಹೇಳಿದ್ದು ನಾನು ತಾನೇ? ಈಗ ದಿನಾ ಕೆಲಸಕ್ಕೆ ಹೋಗೋ ಮುಂಚೆ ಅದನ್ನೇ ಓದ್ಕೊಂಡು ಹೋಗ್ತೀನಿ. ನೀವು ಕೊನೇ ಸಾಲು ಓದಿದ್ರಾ?"

ಮೂವತ್ತು ವರ್ಷ ಪಾಠ ಹೇಳಿದ ಕಾಲಿಪಾ ತಲೆ ತಗ್ಗಿಸಿ, "ಇನ್ನೂ ಇಲ್ಲ" ಎಂದರು. ಸೆಜಿಮಳ ಕಡೆ ತಿರುಗಿ, "ಓದ್ಲಾ ಮಗಳೇ?" ಎಂದು ಕೇಳಿದರು.

ಹುಡುಗಿ ನೋಟ್‌ಬುಕ್ಕು ತಂದಳು. ಟೀಚರಿಗೆ ಕೊಡದೆ, ಅಜ್ಜಿಯ ಪಕ್ಕ ಕೂತು ತಾನೇ ಓದಿದಳು.

"ಅಪ್ಪ ಒರೆಸಿದ ನೆಲದ ಮೇಲೆ ದಿನಕ್ಕೆ ಸಾವಿರಾರು ಜನ ಓಡಾಡುತ್ತಾರೆ. ಒಬ್ಬರೂ ಜಾರಿ ಬೀಳುವುದಿಲ್ಲ."

ಐದು ದಿನದಿಂದ ಮಗನ ಫೋನು ಎತ್ತದಿದ್ದ ಉರ್ಪಿಯಾ ಟೀಚರ ಕೈಯಿಂದ ಮೊಬೈಲು ಇಸಿದುಕೊಂಡಳು.

"ಬೇಗ ಮಾತು ಮುಗಿಸು. ನಿನ್ನ ಮಗಳು ಬೆಳಿಗ್ಗೆ ಸ್ಕೂಲಿಗೆ ಹೋಗ್ಬೇಕು" ಎಂದಳು. ಆಮೇಲೆ ತಡೆದು ತಡೆದು ಕೇಳಿದಳು, "ಊಟ ಆಯ್ತೇನಪ್ಪ ನಿಂದು?"