ವಿಮಾನದ ದಾರಿ, ಅಪ್ಪನ ಮಾತ್ರೆ

ಗಂಡನ ಜೊತೆ ಹೊಲಿಗೆ ಅಂಗಡಿ ನಡೆಸುವ ಟೇಲರಮ್ಮನಿಗೆ ಒಂದು ಅಭ್ಯಾಸ. ಎದುರಿಗಿದ್ದವರು ಮಾತು ಮುಗಿಸುವ ಮೊದಲೇ "ಆಯ್ತು, ಆಯ್ತು" ಎಂದುಬಿಡುತ್ತಾಳೆ. ಆ ಬೆಳಿಗ್ಗೆ ಆಸ್ಪತ್ರೆಯಲ್ಲೂ ಅಷ್ಟೇ ಆಯಿತು. ಹೃದಯದ ಚಿಕಿತ್ಸೆ ಮುಗಿದಿದ್ದ ಗಂಡನನ್ನು ಮನೆಗೆ ಕರೆತರುವ ಅವಸರ ಅವಳಿಗೆ. ನರ್ಸ್ ಮಾತ್ರೆಯ ವಿಷಯ ಹೇಳುತ್ತಿದ್ದರೆ ಇವಳ ಒಂದು ಕಣ್ಣು ಚೀಲದ ಮೇಲೆ, ಇನ್ನೊಂದು ಬಾಗಿಲ ಮೇಲೆ. ಬಾಯಿ ಮಾತ್ರ "ಆಯ್ತಮ್ಮಾ" ಎನ್ನುತ್ತಿತ್ತು.

ಸಂಜೆ ಮಗಳು ಕೆಲಸದಿಂದ ಬಂದಳು. ವಿಮಾನಗಳಿಗೆ ನೆಲದಿಂದಲೇ ರೇಡಿಯೋದಲ್ಲಿ ದಾರಿ ಹೇಳುವ ಕೆಲಸ ಅವಳದು. ಮುಖ ಬಾಡಿತ್ತು.

"ಯಾಕೇ ಹೀಗಿದ್ದೀಯಾ?"

"ಇವತ್ತು ಎದೆ ಝಲ್ ಅಂತು ಕಣಮ್ಮ. ಮೋಡ ಕವಿದಿತ್ತು ಅಂತ ಒಂದು ವಿಮಾನಕ್ಕೆ ದಿನಾ ಹೋಗೋ ದಾರಿ ಬೇಡ ಅಂದು ಬೇರೆ ದಾರಿ ಹೇಳ್ದೆ. ಪೈಲಟ್ಟು ಬರೀ 'ಸರಿ' ಅಂದ್ರು."

"ಸರಿ ಅಂದ್ಮೇಲೆ ಇನ್ನೇನು?"

"ಅಷ್ಟು ಸಾಲಲ್ಲ. ನಾವು ಹೇಳಿದ್ದನ್ನ ಅವರು ತಿರುಗಿ ಹೇಳ್ಬೇಕು. 'ಯಾವ ದಾರಿ, ಹೇಳಿ' ಅಂತ ಕೇಳ್ದೆ. ನೋಡಿದ್ರೆ ದಿನದ ದಾರೀನೇ ಹೇಳ್ತಿದ್ದಾರೆ! ಮೋಡ ಕವಿಯೋ ಮೊದಲೇ ಹೊರಟಿದ್ದ ಇನ್ನೊಂದು ವಿಮಾನ ಆ ದಾರೀಲಿ ಎದುರಿಂದ ಬರ್ತಿತ್ತು. ತಕ್ಷಣ ತಿದ್ದಿದೆ."

"ಅಷ್ಟೆಲ್ಲಾ ಓದಿದೋರು ಗಿಳಿ ಥರ ಹೇಳಿದ್ದನ್ನೇ ಹೇಳೋದಾ!" ಟೇಲರಮ್ಮ ನಗುತ್ತಾ ಗಂಡನ ಅಂಗೈಗೆ ಒಂದು ಇಡೀ ಮಾತ್ರೆ ಹಾಕಿದಳು.

ಮಗಳು ಅದನ್ನೇ ನೋಡಿದಳು. "ಅಮ್ಮ, ಇದರ ಬಗ್ಗೆ ನರ್ಸ್ ಏನಂದ್ರು?"

"ಅದೇ, ಮುಂಚಿನ ಹಾಗೇ..." ಟೇಲರಮ್ಮ ತಡವರಿಸಿದಳು. "ಏನೋ ಬದಲಾಯ್ಸಿದೀವಿ ಅಂದ ಹಾಗಿತ್ತು."

"ಅಪ್ಪಾ, ಬಾಯಿಗೆ ಹಾಕ್ಕೋಬೇಡಿ!"

ಅಪ್ಪನ ಕೈ ಅಲ್ಲೇ ನಿಂತಿತು.

"ಅಮ್ಮ, ಅಂಗಡೀಲಿ ನೀನು ಅಳತೆ ಕೂಗ್ತೀಯ. ಅಪ್ಪ ಅದನ್ನ ತಿರುಗಿ ಹೇಳೋವರೆಗೂ ಕತ್ತರಿ ಮುಟ್ಟೋಕೆ ಬಿಡಲ್ಲ. ಬಟ್ಟೆಗಿರೋ ಬೆಲೆ ಅಪ್ಪನಿಗಿಲ್ವಾ?"

ಆ ಮಾತು ಟೇಲರಮ್ಮನಿಗೆ ನಾಟಿತು. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿದಳು. ನರ್ಸ್ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. "ಆಯ್ತು" ಎನ್ನುವುದು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು, ನುಂಗಿಕೊಂಡಳು.

"ಇರಮ್ಮಾ, ನಾನು ಹೇಳ್ತೀನಿ, ಸರಿಯಾ ನೋಡು. ರಕ್ತ ತೆಳುವಾಗೋ ಮಾತ್ರೆ ಇನ್ಮೇಲೆ ಇಡೀದಲ್ಲ. ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ."

"ಅಯ್ಯೋ, ಬೆಳಿಗ್ಗೆ ಬೇಡಮ್ಮಾ! ರಾತ್ರಿ ಊಟ ಆದ್ಮೇಲೆ ಮಾತ್ರ ಅರ್ಧ. ಜಾಸ್ತಿಯಾದ್ರೆ ಒಳಗೇ ರಕ್ತ ಸೋರ್ಬಹುದು. ತಿರುಗಿ ಹೇಳಿದ್ದು ಒಳ್ಳೇದಾಯ್ತು."

ಅವಳು ಇನ್ನೊಮ್ಮೆ ಹೇಳಿದಳು. "ಈಗ ಸರಿ" ಎಂದರು ನರ್ಸ್.

ಟೇಲರಮ್ಮ ಫೋನ್ ಇಟ್ಟಳು. ಗಂಡನ ಅಂಗೈಯಿಂದ ಮಾತ್ರೆ ತೆಗೆದುಕೊಂಡು ಪಕ್ಕದಲ್ಲೇ ಕುಳಿತು ಅತ್ತಳು. "ನನ್ನ ಕೈಯಾರೆ ಕೊಡ್ತಿದ್ದೆನಲ್ರೀ..."

"ಇಷ್ಟು ವರ್ಷ ನಿನ್ನ ಅಳತೆ ತಿರುಗಿ ಹೇಳಿ ಹೇಳಿ ನನ್ನ ಬಾಯಿ ಸವೀತು. ಇನ್ಮೇಲೆ ನಿನ್ನ ಸರದಿ" ಎಂದ ಅವನು. ಅಳುತ್ತಿದ್ದವಳು ನಕ್ಕುಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರ ಔಷಧಿ ಬದಲಾದಾಗ "ಆಯ್ತು" ಎಂದು ಎದ್ದು ಬರಬೇಡಿ. ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಮನೆಗೆ ಬಂದಮೇಲೆ ಅನುಮಾನ ಬಂದರೆ, ಮಾತ್ರೆ ಕೊಡುವ ಮೊದಲು ಫೋನ್ ಮಾಡಿ ಕೇಳಿ. ವಿಮಾನ ಹಾರಿಸುವವರೇ ತಿರುಗಿ ಹೇಳುತ್ತಾರೆ, ನಮಗೇಕೆ ನಾಚಿಕೆ? ಮಾತ್ರೆಗಾಗಿ ಚಾಚಿದ ಆ ಅಂಗೈ ನಮ್ಮವರದೇ ಅಲ್ಲವೇ?