ಅಂಬವ್ವ ತಂದ ಸುದ್ದಿ

ಮಗನನ್ನು ರಂಗದ ಮೇಲೆ ಹೆಣವಾಗಿ ಮಲಗಿಸಲು ಅಂಬವ್ವ ಸುತಾರಾಂ ಒಪ್ಪಲಿಲ್ಲ.

ಮಗ ಅಡಿವೆಪ್ಪ ಇಂಜಿನಿಯರ್. ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕು ಕಲೋನ್ ನಗರಕ್ಕೆ ಬಂದು ಎರಡು ವರ್ಷವಾಗಿತ್ತು. ಅವಳು ಮೂರು ತಿಂಗಳ ವೀಸಾದಲ್ಲಿ ಬಂದವಳು. ಬೈಲಹೊಂಗಲದ ಕಡೆ ಸಣ್ಣಾಟವೆಂಬ ಹಳ್ಳಿ ನಾಟಕಕ್ಕೆ ಇಪ್ಪತ್ತು ವರ್ಷ ಹಿಮ್ಮೇಳ ಹಾಡಿದ ಕಂಠ, ಇಲ್ಲಿ ಬಂದು ಸುಮ್ಮನೆ ಕೂತೀತೇ? ಪಕ್ಕದ ಊರು ಬಾನ್‌ನಲ್ಲಿ ಮೂವತ್ತು ವರ್ಷ ಗ್ರೀಕ್ ಕಲಿಸಿದ ಶೇಷಗಿರಿ ಮೇಷ್ಟ್ರು ಅಲ್ಲಿನ ಕನ್ನಡಿಗರ ರಾಜ್ಯೋತ್ಸವಕ್ಕೆಂದು ಗ್ರೀಕರ ಮಾದರಿಯಲ್ಲಿ ಒಂದು ಕನ್ನಡ ನಾಟಕ ಬರೆದಾಗ ಹಿಮ್ಮೇಳ ಅವಳ ಪಾಲಿಗೇ ಬಂತು. ಅರಸನ ಪಾತ್ರ ಅಡಿವೆಪ್ಪನಿಗೆ.

ಕತೆ ಸರಳ. ಹೊತ್ತು ಮುಳುಗಿದ ಮೇಲೆ ಕೋಟೆ ಬಾಗಿಲಿಗೆ ಬಂದವರನ್ನು ಹಿಂದೆಮುಂದೆ ನೋಡದೆ ಕೊಲ್ಲಿ ಎಂದು ಅರಸ ಅಪ್ಪಣೆ ಕೊಡುತ್ತಾನೆ. ಒಂದು ದಿನ ತಾನೇ ತಡವಾಗಿ ಬರುತ್ತಾನೆ. ಕೊನೆಗೆ ಅವನ ಹೆಣ ರಂಗದ ಮೇಲೆ, ದೀಪ ಆರುತ್ತದೆ.

"ಮಂಗಳಾರತಿ ಯಾವಾಗ್ರಿ?" ಎಂದಳು ಅಂಬವ್ವ. ಅವಳೂರಿನ ಆಟದಲ್ಲಿ ಸತ್ತವರು ಎದ್ದು ನಿಂತು ಆರತಿ ಬೆಳಗಿಸಿಕೊಂಡೇ ಮನೆಗೆ ಹೋಗುವುದು.

"ಇದ್ರಲ್ಲಿ ಇಲ್ಲಮ್ಮ," ಎಂದರು ಮೇಷ್ಟ್ರು. "ಸತ್ತವನು ಎದ್ದರೆ ದುರಂತ ಎಲ್ಲಿ ಉಳೀತು? ನೋಡೋರಿಗೆ ಭಯ ಆಗ್ಬೇಕು, ಕರುಣೆ ಹುಟ್ಟಬೇಕು. ಅತ್ತು ಮನಸ್ಸು ಹಗುರಾಗ್ಬೇಕು. ಗ್ರೀಕರು ನಾಟಕ ಆಡಿದ್ದೇ ಅದಕ್ಕೆ."

"ಹಂಗಾರ ಅವರು ತಮ್ಮ ಮಕ್ಕಳನ್ನ ಮಲಗಿಸ್ಕೊಳ್ಲಿ. ನನ್ನ ಮಗ ಮಲಗಂಗಿಲ್ಲ."

ಮೇಷ್ಟ್ರೂ ಹಟದಲ್ಲಿ ಕಡಿಮೆಯವರಲ್ಲ. ಎರಡು ಶನಿವಾರದ ತಾಲೀಮು ಈ ಜಗಳದಲ್ಲೇ ಮುಗಿಯಿತು. ಮೂರನೆಯ ಶನಿವಾರ ಅವರು ಮಾತಿನ ಭರದಲ್ಲಿ, ಗ್ರೀಕರು ಸಾವನ್ನು ರಂಗದ ಮೇಲೆ ತೋರಿಸುತ್ತಿದ್ದುದೇ ಅಪರೂಪ, ಯಾರಾದರೂ ಬಂದು ಸುದ್ದಿ ಹೇಳುತ್ತಿದ್ದರು ಎಂದುಬಿಟ್ಟರು.

ಅಂಬವ್ವ ಅಷ್ಟನ್ನೇ ಹಿಡಿದುಕೊಂಡಳು. "ಮತ್ತ ಹೆಣಾ ಯಾಕ ಬೇಕ್ರಿ? ಸುದ್ದಿ ನಾ ಹೇಳ್ತೀನಿ. ಇವ ಒಳಗ ಇರ್ಲಿ."

ಮೇಷ್ಟ್ರು ಅವಳನ್ನೇ ನೋಡಿದರು. "ಯೋಚನೆ ಮಾಡಿದೀರಾ, ಅಂಬವ್ವನೋರೇ?"

"ಅದರಾಗ ಯೋಚನಿ ಏನ್ರಿ?" ಎಂದು ಗೆದ್ದ ಗತ್ತಿನಲ್ಲಿ ಚಹಾದ ಲೋಟ ಎತ್ತಿದಳು. ತಾಲೀಮಿನಲ್ಲಿ ಮಾತ್ರ ಅರಸ ಸತ್ತನೆಂಬ ಆ ಕೊನೆಯ ಸಾಲನ್ನು ಒಮ್ಮೆಯೂ ಆಡಲಿಲ್ಲ. ಕೆಟ್ಟ ಮಾತನ್ನು ದಿನಾ ಆಡಬಾರದು, ಆವತ್ತೇ ಆಡುತ್ತೇನೆ ಎಂದಳು.

ಆ ದಿನ ಬಂತು. ಚರ್ಚಿನ ಸಭಾಂಗಣ ಮಧ್ಯಾಹ್ನಕ್ಕೇ ತುಂಬಿತ್ತು. ಅಂಬವ್ವನ ಹಾಡಿಗೆ ಜರ್ಮನ್ನರೂ ತಲೆದೂಗಿದರು. ಕೊನೆಗೆ ಸುದ್ದಿ ಹೇಳಲು ಎದ್ದು ಬಂದು ನಿಂತಳು.

"ಕ್ವಾಟಿ ಬಾಗಲದಾಗ..." ಎಂದಳು. ನಾಲಿಗೆ ಮುಂದೆ ಹೊರಳಲಿಲ್ಲ. ಹೆಣವಾಗಿದ್ದರೆ ಅವನು ಸುಮ್ಮನೆ ಮಲಗಿರುತ್ತಿದ್ದ. ಈಗ ತನ್ನದೇ ಹಟದಿಂದಾಗಿ ಹೆತ್ತ ಬಾಯಿಂದಲೇ ಆ ಮಾತು ಹೊರಡಬೇಕು. ಅರಸನ ಅಪ್ಪಣೆ ಅರಸನನ್ನೇ ಹುಡುಕಿಕೊಂಡು ಬಂದದ್ದು ಹೇಗೆಂದು ಅವಳಿಗೆ ಆಗ ತಿಳಿಯಿತು.

ಆದರೆ ಅಂಬವ್ವ ಆಟ ಕೆಡಿಸಿದವಳಲ್ಲ. ಮೆಲ್ಲಗೆ ಪರದೆಯ ಕಡೆ ತಿರುಗಿದಳು. ಅದರ ಸಂದಿಯಲ್ಲಿ ಅಡಿವೆಪ್ಪ ಕಿರೀಟವನ್ನು ಕಂಕುಳಲ್ಲಿ ಇರುಕಿಕೊಂಡು, ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದ. ಅವನ ಮುಖದಿಂದ ಕಣ್ಣು ಕೀಳದೆ, ಗಂಟಲು ಬಿಚ್ಚಿ ಹೇಳಿದಳು:

"ಬಿದ್ದಾನ ನನ್ನ ದೊರಿ. ಉಸಿರಿಲ್ಲ."

ದೀಪ ಆರಿತು. ಕತ್ತಲಲ್ಲಿ ಯಾರೋ ಬಿಕ್ಕುತ್ತಿದ್ದುದು ಕೇಳಿಸಿತು. ಮೊದಲ ಸಾಲಿನಲ್ಲಿ ಕೂತಿದ್ದ ಮೇಷ್ಟ್ರೇ ಅದು.

ಅಂಬವ್ವ ಪರದೆಯ ಹಿಂದೆ ಓಡಿ, ಮಗನ ಬಣ್ಣದ ಮುಖವನ್ನು ಎರಡು ಕೈಯಲ್ಲಿ ಸವರಿ, ತನ್ನ ಹಣೆಯ ಬದಿಗೆ ಲಟಲಟನೆ ಲಟಿಗೆ ಮುರಿದಳು. ಅವಳ ಕಣ್ಣೀರು ನಿಲ್ಲಲೊಲ್ಲದು.

"ಯವ್ವಾ, ಯಾಕ ಅಳ್ತೀ? ನಾ ಇಲ್ಲೇ ಅದೀನಲ್ಲ."

"ಅದೀಯಲ್ಲೋ ಯಪ್ಪಾ, ಅದಕ್ಕ ಅಳಾಕತ್ತೀನಿ."